ಎಡ ಮೇಲೆ, ಬಲ ಕೆಳಗೆ

ಅವರ ಬಲಗೈಯ ಎರಡು ಬೆರಳುಗಳು ಕೊಕ್ಕೆಯಂತೆ ಬಾಗಿಹೋಗಿದ್ದವು. ಚಹಾದ ಕಪ್ಪು ಹಿಡಿದರೆ ತುಳುಕುತ್ತಿತ್ತು. ಅದೇ ಕೈ ಕಿಮೋನೋ ಮಡಚುವಾಗ ಮಾತ್ರ ಒಂದು ಗೆರೆಯೂ ತಪ್ಪುತ್ತಿರಲಿಲ್ಲ.

ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ನಮ್ಮ ಮನೆಯ ಗೋಡೆಗೇ ಗೋಡೆ ತಾಗಿದ್ದ ಮನೆಯ ಜಪಾನಿ ಅಜ್ಜಿ ಅವರು. ಇಲ್ಲಿಯವನನ್ನು ಮದುವೆಯಾಗಿ ಇಂಗ್ಲೆಂಡಿಗೆ ಬಂದವರು; ಆತ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ಆದರೆ ನಾನು ಉಡುಪಿ ಕಡೆಯವಳು, ಕರೆಯುವಾಗ ಬಾಯಿಗೆ ಬಂದದ್ದು ‘ಅಜ್ಜಿ’. ಅವರು ಅದಕ್ಕೇ ಓಗೊಟ್ಟರು. ನಾನು ಕೊಟ್ಟ ಡಬ್ಬಿಯನ್ನು ಎಂದೂ ಖಾಲಿ ಹಿಂದಿರುಗಿಸಿದವರಲ್ಲ. ನೀರುದೋಸೆ ಹೋದರೆ ಹೂರಣ ತುಂಬಿದ ಅಕ್ಕಿಯುಂಡೆ ಬರುತ್ತಿತ್ತು.

ಆ ಕಿಮೋನೋ ಅವರ ಅಜ್ಜಿಯದು. ಆಮೇಲೆ ಅಮ್ಮ ಉಟ್ಟರು, ಮದುವೆಗೆ ಇವರು ಉಟ್ಟರು. ನೇರಳೆ ರೇಷ್ಮೆ, ತೋಳಿನ ತುಂಬ ಬಿಳಿ ಕೊಕ್ಕರೆಗಳು. ಡಾಕ್ಟರು ಕೈಚೆಲ್ಲಿದ ಮೇಲೆ ಅಜ್ಜಿಗೆ ಅದರದ್ದೇ ಚಿಂತೆ. ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಮಗ, “ಹಳೇ ಬಟ್ಟೆ ಮಾರುವ ಚಾರಿಟಿ ಅಂಗಡಿಗೆ ಹಾಕಿದರಾಯ್ತು” ಅಂದನಂತೆ. ಪುಣ್ಯಾತ್ಮ! ಅವತ್ತಿನಿಂದ ಅಜ್ಜಿಗೆ ಊಟ ಸೇರಲಿಲ್ಲ.

ಜಪಾನಿನ ಬಗ್ಗೆ ಮಕ್ಕಳಿಗೆ ಪಾಠ ಹೇಳುವವರಿಗೇ ಕೊಡಬೇಕು, ಮಕ್ಕಳು ಅದನ್ನು ಉಡಬೇಕು ಎಂಬುದೊಂದೇ ಅವರ ಹಟ. ನಾನು ಕಂಡಕಂಡಲ್ಲಿ ಕೇಳಿದೆ. ಒಂದು ಮ್ಯೂಸಿಯಂನವರು ಜಾಗವಿಲ್ಲ ಅಂದರು. ಇನ್ನೊಬ್ಬರು ಕತ್ತಲೆ ಡ್ರಾಯರಿನಲ್ಲಿಡುತ್ತೇವೆ, ಯಾರೂ ಮುಟ್ಟಬಾರದು ಅಂದರು. ಮತ್ತೊಂದು ಕಡೆಯಿಂದ ಉತ್ತರವೇ ಇಲ್ಲ. ಅಜ್ಜಿ ನನ್ನ ಕೈ ಹಿಡಿದು ಅತ್ತುಬಿಟ್ಟರು. “ಯಾರಿಗೂ ಬೇಡ್ವಾ? ನಾನು ಹೋದ ಮೇಲೆ ಕತ್ತರಿಸಿ ದಿಂಬು ಮಾಡ್ತಾರೆ. ಯಾರಿಗೂ ಬೇಡ್ವಾ?” ಮರುದಿನ ನಾನು ಮತ್ತೆ ಕೇಳಲು ಹೊರಟೆ.

ಕೊನೆಗೆ ನನ್ನ ಮಗಳ ಶಾಲೆಯ ಟೀಚರ್ ಒಪ್ಪಿದರು. ಆದರೆ ಉಡಿಸಿ ತೋರಿಸುವವರು ಬೇಕಂತೆ. ಅಜ್ಜಿ ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. “ನಂಗೆ ಕಲಿಸಿ ಅಜ್ಜಿ, ನಾನು ಉಡಿಸ್ತೇನೆ” ಅಂದೆ. ಸೀರೆ ಉಡುವವಳಿಗೆ ಇದೇನು ಮಹಾ ಎಂಬ ಜಂಭ ಬೇರೆ.

ಮಗಳನ್ನು ಮಂಚದ ಮುಂದೆ ನಿಲ್ಲಿಸಿ ತೊಡಿಸಿದೆ; ಮುಂದೆ ತೆರೆದಿರುವ ಎರಡು ಭಾಗಗಳನ್ನು ಎದೆಯ ಮೇಲೆ ಒಂದರ ಮೇಲೊಂದು ತರಬೇಕು. ಬಲಗಾಲಿಟ್ಟು ಒಳಗೆ ಬಾ, ಬಲಗೈಯಲ್ಲಿ ಕೊಡು ಎಂದು ಕೇಳಿಯೇ ಬೆಳೆದವಳು ನಾನು. ಶುಭವಾಗಲಿ ಎಂದು ಬಲಭಾಗವನ್ನೇ ಮೇಲೆ ತಂದೆ. ಅಜ್ಜಿ ಚೀರಿದರು. ಆ ಬಾಗಿದ ಬೆರಳುಗಳ ಕೈ ನನ್ನ ಕೈ ಮೇಲೆ ಫಟ್ಟನೆ ಬಿತ್ತು.

“ತೆಗಿ! ಅದು ಹೆಣಕ್ಕೆ!”

ಮೊದಲು ಮೈಯೆಲ್ಲ ಉರಿಯಿತು, ಹೊಡೆಯುವುದು ಅಂದರೇನು! ಅಜ್ಜಿ ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಬದುಕಿರುವವರಿಗೆ ಎಡ ಮೇಲೆ, ಬಲ ಮೇಲೆ ಬರುವುದು ಸತ್ತವರಿಗೆ ಮಾತ್ರ. ಮಗಳನ್ನು ಬಾಚಿ ತಬ್ಬಿಕೊಂಡು, ನೆಟಿಗೆ ಮುರಿದು ದೃಷ್ಟಿ ತೆಗೆದೆ. ಅಜ್ಜಿ ಇನ್ನೂ ಏದುಸಿರು ಬಿಡುತ್ತಲೇ, “ಅದೇನೋ ಮಾಡಿದೆಯಲ್ಲ, ಇನ್ನೊಂದು ಸಲ ಮಾಡು” ಅಂದರು. ಆಮೇಲೆ ಮೆಲ್ಲಗೆ ಹೇಳಿದರು: “ಮಕ್ಕಳಿಗೆ ಎಡ. ನನಗೆ ಬಲ, ನೀನೇ ಉಡಿಸು. ನನಗೆ ಹಳೇ ಹತ್ತಿಯದು ಸಾಕು. ಇದನ್ನ ನನ್ನ ಜೊತೆ ಸುಡಬೇಡಿ.”

ಶಾಲೆಗೆ ಹೋಗಬೇಕಾದ ದಿನದ ಹಿಂದಿನ ಸಂಜೆ ಅಜ್ಜಿ ಹೋದರು. ಮರುದಿನ ಕಿಮೋನೋ ಹಿಡಿದುಕೊಂಡು ಹೋದೆ. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಉಟ್ಟರು, ಕೊಕ್ಕರೆಯ ತೋಳು ಬೀಸಿದರು. ಪ್ರತಿ ಸಲವೂ ನನ್ನ ಮಗಳದ್ದು ಒಂದೇ ಕೂಗು: “ಅಮ್ಮಾ, ಲೆಫ್ಟ್ ಆನ್ ಟಾಪ್!”

ಅಲ್ಲಿಂದ ನೇರವಾಗಿ ಅಜ್ಜಿಯನ್ನು ಮಲಗಿಸಿದ್ದಲ್ಲಿಗೆ ಹೋದೆ. ಅವರ ಮಗ ತಲೆತಗ್ಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಹತ್ತಿಯ ನಿಲುವಂಗಿ ತೊಡಿಸಿದೆ. ಬೆಳಗಿನ ರೂಢಿ, ಕೈ ತಾನಾಗಿ ಎಡವನ್ನೇ ಮೇಲೆ ತಂದಿತು. ಬಿಚ್ಚಲು ಮನಸ್ಸೇ ಬರಲಿಲ್ಲ. ಎಡ ಮೇಲಿರುವಷ್ಟು ಹೊತ್ತು ಅವರು ಇದ್ದಾರೆ ಅಂತಲೇ ಅಲ್ಲವೇ? ದೇವರೇ, ಇನ್ನೊಂದು ಗಳಿಗೆ ಇರಲಿ ಎಂದು ಹಾಗೇ ಹಿಡಿದು ನಿಂತೆ. ಆಮೇಲೆ ಬಿಚ್ಚಿ, ಬಲವನ್ನು ಮೇಲೆ ತಂದೆ.

ಈ ಸಲ ನನ್ನ ಕೈಗೆ ಯಾರೂ ಹೊಡೆಯಲಿಲ್ಲ.