ಒಂಬತ್ತು ಮೃಗಾಲಯಗಳ ಹೊರಗೆ

ಪುಣೆಯ ಹಡಪಸರದ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಈಚೆಗೆ ಒಂದು ಹಾಳೆ ಅಂಟಿಕೊಂಡಿತ್ತು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಗೆರೆಯ ಎಡಕ್ಕೆ ‘ನೋಡಿದ್ದು’, ಬಲಕ್ಕೆ ‘ನೋಡಬೇಕಾದ್ದು’. ಒಂಬತ್ತನೆಯ ಇಯತ್ತೆಯಲ್ಲಿ ಓದುವ ನನ್ನ ಮಗಳು ಅನಘಾ, ದೀಪಾವಳಿ ರಜೆಗೆ ಯಾವ ಮೃಗಾಲಯಕ್ಕೆ, ಯಾವ ಸಫಾರಿಗೆ ಹೋಗಬೇಕೆಂದು ತೀರ್ಮಾನಿಸಲು ಮಾಡಿಕೊಂಡ ಏರ್ಪಾಡು ಅದು. ಬಲಗಡೆ ಗಿರ್, ತಾಡೋಬಾ, ಬನ್ನೇರುಘಟ್ಟ, ಮೈಸೂರು ಎಂದು ಸಾಲಾಗಿ ಬರೆದು, ಒಂದೊಂದರ ಮುಂದೆಯೂ ಜನ ಮೊಬೈಲಿನಲ್ಲಿ ಕೊಟ್ಟ ನಕ್ಷತ್ರಗಳನ್ನು ಇಳಿಸಿಕೊಂಡಿದ್ದಳು. ಹುಲಿ ಕಾಣದೆ ವಾಪಸಾದವನೊಬ್ಬ ಸಿಟ್ಟಿಗೆದ್ದು ಕಾಡಿಗೇ ಒಂದು ನಕ್ಷತ್ರ ಕೊಟ್ಟಿದ್ದನಂತೆ. ಹುಲಿಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ.

ಎಡಗಡೆಯ ಪಟ್ಟಿ ತುಂಬಿಸಲು ಆಕೆ ಮನೆಯವರನ್ನೆಲ್ಲ ವಿಚಾರಿಸಿಕೊಂಡು ಬಂದಳು. ನನ್ನ ಹೆಸರಿಗೆ ಹತ್ತಾಯಿತು. ನಾನು ಸ್ವಲ್ಪ ಜಂಬದಿಂದಲೇ ಹೇಳಿದೆನೆನ್ನಿ. ಆಮೇಲೆ ಬಾಲ್ಕನಿಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದ ನನ್ನ ಅವ್ವನ ಹತ್ತಿರ ಹೋದಳು.

“ಅಜ್ಜಿ, ಪಟಕನ್ ಹೇಳು. ನೀ ಯಾವ್ಯಾವ ಝೂ ನೋಡೀದಿ?”

“ನಾನಾ? ಒಂದೂ ನೋಡಿಲ್ಲವಾ,” ಎಂದಳು ಅವ್ವ, ಕಡ್ಡಿ ಮುರಿದು ಎಸೆಯುತ್ತ.

ನಾನು ಒಳಗಿನಿಂದಲೇ ನಕ್ಕೆ. ಮರುಕ್ಷಣ ಹೆದರಿಕೆಯೂ ಆಯಿತು. ಅವ್ವನಿಗೆ ಎಪ್ಪತ್ತೆಂಟು. ಹೋದ ವರ್ಷವಷ್ಟೇ ನಮ್ಮ ಸೊಸೈಟಿಯಲ್ಲಿ ಎಲ್ಲರೂ ಆಜೋಬಾ ಎನ್ನುವ ಒಬ್ಬ ಅಜ್ಜ ತಮ್ಮ ಮನೆಯ ಮಹಡಿ ಮರೆತು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದರು. “ಅವ್ವಾ, ಒಂಬತ್ತು ನೋಡೀವಿ ನಾವು. ತಡಿ, ನಾ ಎಣಿಸಿ ಹೇಳ್ತೀನಿ,” ಎಂದು ಹೊರಗೆ ಬಂದೆ. ಎಣಿಸಲು ಕುಳಿತೆ. ನಾನು ಸಿಕ್ಕಿಬಿದ್ದದ್ದು ಅಲ್ಲಿಯೇ.

ಈಗ ನಿಮಗೆ ನಮ್ಮ ಅಪ್ಪನ ವಿಷಯ ಹೇಳಬೇಕು. ಅಪ್ಪ ಈಗಿಲ್ಲ. ಆಗ ಪುಣೆ ಹತ್ತಿರದ ದೌಂಡದಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಕಬ್ಬಿನ ಗದ್ದೆಗಳ ಪಕ್ಕ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಪ್ಪ, ಅವ್ವ, ಅಕ್ಕ, ನಾನು. ಹೊರಗೆ ಮರಾಠಿ, ಒಳಗೆ ಕಲಬುರ್ಗಿ ಕಡೆಯ ಕನ್ನಡ, ಅಪ್ಪ ಸಿಟ್ಟಿಗೆದ್ದಾಗ ಮಾತ್ರ ರೈಲ್ವೆಯ ಇಂಗ್ಲಿಷು. ವರ್ಷಕ್ಕೊಮ್ಮೆ ಮನೆಮಂದಿಯ ಹೆಸರಿನಲ್ಲಿ ಪ್ರಯಾಣದ ಪಾಸು ಸಿಗುತ್ತಿತ್ತು. ಉಳಿದ ಗಾರ್ಡುಗಳು ಅದರಲ್ಲಿ ಪಂಢರಪುರಕ್ಕೋ ತಿರುಪತಿಗೋ ಹೋಗಿಬರುತ್ತಿದ್ದರು. ನಮ್ಮ ಅಪ್ಪನಿಗೆ ದೇವರ ಮೇಲೆ ಸಿಟ್ಟೇನಿರಲಿಲ್ಲ, ಪ್ರಾಣಿಗಳ ಮೇಲೆ ಪ್ರೀತಿ ಜಾಸ್ತಿಯಿತ್ತು. ರಾತ್ರಿಯೆಲ್ಲ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಕತ್ತಲು ನೋಡುವ ಮನುಷ್ಯ, ಹಗಲಲ್ಲಿ ಕಣ್ತುಂಬ ಏನಾದರೂ ನೋಡಬೇಕೆಂದು ಬಯಸಿದರೆ ತಪ್ಪೇನು ಹೇಳಿ.

ಪಾಸಿನ ಅರ್ಜಿಯಲ್ಲಿ ಹೋಗುವ ಊರನ್ನು ಮೊದಲೇ ಬರೆಯಬೇಕಿತ್ತು. ಹಾಗಾಗಿ ಪ್ರತಿವರ್ಷ ಗಣಪತಿ ಹಬ್ಬ ಮುಗಿದ ಮೇಲೆ ನಮ್ಮ ಮನೆಯಲ್ಲಿ ಒಂದು ಸಭೆ. ಅಪ್ಪನ ಕಾನೂನುಗಳು ಮೂರು. ಊರಿಗೆ ದೌಂಡದಿಂದ ನೇರ ಗಾಡಿ ಇರಬೇಕು, ಇಲ್ಲದಿದ್ದರೆ ಒಂದೇ ಒಂದು ಬದಲಾವಣೆ. ಮೃಗಾಲಯ ಸ್ಟೇಷನ್ನಿಗೆ ಹತ್ತಿರವಿರಬೇಕು. ಹೋದ ಸಲ ನೋಡದ ಒಂದಾದರೂ ಪ್ರಾಣಿ ಅಲ್ಲಿರಬೇಕು. ಪುಣೆಯದನ್ನು ಅಪ್ಪ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಪಾಸು ಬೇಕಿಲ್ಲದ ಊರು ಅವರ ಪಾಲಿಗೆ ಊರಲ್ಲ. ಅಕ್ಕ ಯಾವಾಗಲೂ ಸಿಂಹದ ಪಕ್ಷ. ನಾನು ನೀರಾನೆಯ ಪಕ್ಷ. ಯಾಕೆಂದು ಕೇಳಬೇಡಿ, ನಾನೂ ಆಗ ಹಾಗೇ ಇದ್ದೆ, ಗುಂಡಗೆ. ಮೂವರೂ ನೆಲದ ಮೇಲೆ ಟೈಮ್‌ಟೇಬಲ್ ಹರಡಿಕೊಂಡು ಜಗಳಾಡುತ್ತಿದ್ದೆವು. ಕಡೆಗೆ ಅಪ್ಪ ಹಸಿರು ಬಾವುಟ ಬೀಸಿದಂತೆ ಕೈಯೆತ್ತಿ, “ಹಾಂ, ಹೈದರಾಬಾದ್. ಆತು, ಮುಗೀತು,” ಎನ್ನುತ್ತಿದ್ದರು. ಅವ್ವ ಅಲ್ಲೇ ಎರಡು ಮಾರು ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಮ್ಮ ಸಭೆಗೆ ತಾಳ ಹಾಕಿದ ಹಾಗಿತ್ತು. ಆಕೆಯನ್ನು ಯಾರೂ ಕೇಳಲಿಲ್ಲ.

ಹೀಗೆ ಹೈದರಾಬಾದ್, ಮುಂಬಯಿ, ಮದ್ರಾಸು, ನಾಗಪುರ, ದಿಲ್ಲಿ… ಒಂಬತ್ತು ವರ್ಷ, ಒಂಬತ್ತು ಮೃಗಾಲಯ. ಅಪ್ಪ ಒಳಗೂ ಗಾರ್ಡೇ. “ಸಿಂಹ ಹತ್ತು ಮಿನಿಟು. ಆನಿ ಐದು ಮಿನಿಟು, ಆನಿ ಊರಾಗೂ ಸಿಗ್ತದ,” ಎಂದು ನಿಲುಗಡೆ ಸಾರುತ್ತಿದ್ದರು. ನೀರಾನೆ ಮುಳುಗಿ ಕೂತು ನನಗೆ ಮೂಗಿನ ಹೊಳ್ಳೆಯಷ್ಟೇ ತೋರಿಸಿದ ದಿನ ಮಾತ್ರ ನನ್ನ ಅಳು ನೋಡಲಾರದೆ ಅರ್ಧ ಗಂಟೆ ನಿಂತಿದ್ದರು. ಇದನ್ನೆಲ್ಲ ನಾನು ಅವ್ವನಿಗೆ ಒಂದೊಂದಾಗಿ ನೆನಪಿಸುತ್ತ ಹೋದೆ. ಆಕೆ ಸೊಪ್ಪು ಸೋಸುತ್ತ ಹೂಂಗುಟ್ಟುತ್ತಿದ್ದಳು. “ಆವಾಗ ನೀ ಎಲ್ಲಿದ್ದೆವಾ?” ಎಂದು ನಾನೇ ಕೇಳಿದೆ.

“ಗೇಟಿನ್ಯಾಗ. ಬುತ್ತಿ ಚೀಲ ಇರ್ತಿತ್ತಲ್ಲ.”

ಬುತ್ತಿ ಚೀಲ! ನಾವು ಹೊರಗಿನದನ್ನು ತಿನ್ನುವವರಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾದ ಹೋಳಿಗೆ, ನಾಲ್ಕು ದಿನಕ್ಕಾಗುವಷ್ಟು ದೊಡ್ಡ ಬಟ್ಟೆಯ ಚೀಲದಲ್ಲಿ ನಮ್ಮೊಂದಿಗೆ ಹೊರಡುತ್ತಿತ್ತು. ಟ್ರಂಕನ್ನು ಸ್ಟೇಷನ್ನಿನ ಸಾಮಾನು ಕೋಣೆಯಲ್ಲಿ ಇಡಬಹುದು. ಆದರೆ ಅಲ್ಲಿ ಬೀಗ ಹಾಕಿದ ಸಾಮಾನು ಮಾತ್ರ ತೆಗೆದುಕೊಳ್ಳುತ್ತಾರೆ. ಬಟ್ಟೆಯ ಚೀಲಕ್ಕೆ ಗಂಟು ಹಾಕಬಹುದೇ ಹೊರತು ಬೀಗ ಹಾಕಲಾಗುವುದಿಲ್ಲ. ಮೃಗಾಲಯದೊಳಗೆ ತಿಂಡಿ ಒಯ್ಯುವಂತಿಲ್ಲ. ಇನ್ನು ಚೀಲವನ್ನು ಎಲ್ಲಾದರೂ ಒಂಟಿಯಾಗಿ ಬಿಟ್ಟುಹೋಗುವುದೆಂದರೆ, ವ್ಯಾಗನ್ನುಗಳ ಸೀಲು ನೋಡಿಕೊಂಡೇ ಬದುಕಿದ ಅಪ್ಪ ಒಪ್ಪುವ ಮಾತೇ ಅಲ್ಲ. ಮೊದಲ ವರ್ಷ ಹೈದರಾಬಾದಿನಲ್ಲಿ ಅವ್ವ, “ನೀವು ಹೋಗಿ ಬರ್ರಿ, ನಾ ಕೂತಿರ್ತೀನಿ,” ಎಂದಳು. ಅದೇ ಕಾಯಂ ಆಯಿತು. ಎರಡನೆಯ ವರ್ಷ ಆಕೆ ಹೇಳುವ ಮೊದಲೇ ನಾವು ಮೂವರು ಟಿಕೆಟ್ಟಿನ ಸಾಲಿನಲ್ಲಿದ್ದೆವು. ಕಾಯುವ ಕೆಲಸಕ್ಕೆ ಸಂಬಳ ಅಪ್ಪನಿಗೆ, ಕಾಯುವ ಕೆಲಸ ಅವ್ವನಿಗೆ.

ಸಾಯಂಕಾಲ ನಾವು ಹೊರಗೆ ಬಂದ ಕೂಡಲೇ ವರದಿ ಒಪ್ಪಿಸುವುದು. ಹುಲಿಯನ್ನು ನಾವಿಬ್ಬರೂ ಗೇಟು ತಲುಪುವುದರೊಳಗೆ ಎರಡು ಪಟ್ಟು ದೊಡ್ಡದು ಮಾಡಿರುತ್ತಿದ್ದೆವು. “ಏನ್ ತಿಂತಿತ್ತು? ಮರಿ ಇದ್ದವೇನು? ಮರಿ ತಾಯಿ ಹತ್ರನ ಇದ್ದವೋ, ಬ್ಯಾರೆ ಇಟ್ಟಾರೋ?” ಎಂದು ಅವ್ವ ಕೇಳುವಳು. ನಮಗೆ ಗೊತ್ತಿಲ್ಲದ್ದಕ್ಕೂ ಉತ್ತರ ಕೊಡುತ್ತಿದ್ದೆವು. ಆಕೆಯ ವರದಿಯೂ ಇರುತ್ತಿತ್ತು, ಕೇಳಲು ನಮಗೆ ಪುರಸೊತ್ತಿರಲಿಲ್ಲ. ಶೇಂಗಾ ಮಾರುವವಳ ಮಗಳ ಮದುವೆ ನಿಂತದ್ದು, ಗೇಟಿನ ಕಾವಲುಗಾರ ಆನೆಯ ಮಾವುತನೊಂದಿಗೆ ಮಾತು ಬಿಟ್ಟದ್ದು, ಸಿಂಹ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಸಲ, ಮೂರಕ್ಕೆ ಒಂದು ಸಲ ಗುರುಗುಟ್ಟಿದ್ದು. ದಿಲ್ಲಿಯ ಗೇಟಿನಲ್ಲಿ ಯಾವ ಭಾಷೆಯಲ್ಲಿ ಆಕೆ ಅಷ್ಟೆಲ್ಲ ಮಾತಾಡಿದಳೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಎಣಿಸುತ್ತ ಎಣಿಸುತ್ತ ಮೈಸೂರಿಗೆ ಬಂದೆ. ಮೈಸೂರು ನಮ್ಮ ಮನೆಯ ದೊಡ್ಡ ತಮಾಷೆ. ದೇಶದ ಯಾವ ಗಾಡಿ ಯಾವ ಸ್ಟೇಷನ್ನಿಗೆ ಎಷ್ಟು ಮಿನಿಟಿಗೆ ಬರುತ್ತದೆಂದು ಹೇಳಬಲ್ಲ ಅಪ್ಪ, ಬೆಂಗಳೂರಿನಲ್ಲಿ ಗಾಡಿ ಬದಲಿಸಿ ನಮ್ಮನ್ನು ಮೈಸೂರಿಗೆ ಕರೆದುಕೊಂಡು ಹೋದದ್ದು ಮಂಗಳವಾರ. ಮೃಗಾಲಯಕ್ಕೆ ವಾರದ ರಜೆ. ಮುಚ್ಚಿದ ಗೇಟಿನ ಮುಂದೆ ಅಪ್ಪ ಸಿಗ್ನಲ್ ಸಿಗದ ಗಾಡಿಯಂತೆ ನಿಂತುಬಿಟ್ಟರು. ಅಕ್ಕ ಅತ್ತಳು. ಅವ್ವ ಮಾತ್ರ ಮರದ ನೆರಳಿನಲ್ಲಿ ಚಾದರ ಹಾಸಿ, ಚೀಲ ಬಿಚ್ಚಿ, “ಬರ್ರಿ, ಉಣ್ರಿ. ಇವತ್ತ ಎಲ್ಲಾರೂ ಇಲ್ಲೇ ಅದೀವಲ್ಲ,” ಎಂದಳು. ಆ ದಿನ ಆಕೆ ಎಷ್ಟು ನಕ್ಕಳೆಂದರೆ! ಅಪ್ಪನನ್ನು ಅಣಕಿಸಿದಳು, ಹಳೇ ಹಾಡು ಹೇಳಿದಳು, ನಮಗೆ ಹೋಳಿಗೆ ಮುರಿದು ಬಾಯಿಗಿಟ್ಟಳು. ನಾವು ನಾಲ್ವರೂ ಒಟ್ಟಿಗೆ ಇದ್ದ ಒಂದೇ ಒಂದು ಮೃಗಾಲಯ ಅದು, ಬಾಗಿಲು ಹಾಕಿದ್ದು.

ಮರುದಿನ ನಾವು ಮೂವರು ಒಳಗೆ ಹೋದೆವು. ಮೂರು ಗಂಟೆಗೆ ಹೊರಗೆ ಬಂದಾಗ, ಎಂದೂ ಇಲ್ಲದ್ದು, ಅವ್ವ ಚೀಲ ಬಿಟ್ಟು ಎದ್ದು ನಿಂತಳು.

“ಏನ್ರಿ, ಇನ್ನ ಹೊತ್ತು ಅದಲ್ಲ. ನಾ ಒಂದು ಸುತ್ತು ಹೋಗಿ ಬರ್ಲೇನು?”

ಅಪ್ಪ ಗಡಿಯಾರ ನೋಡಿದರು. ಬೇಡವೆನ್ನಲಿಲ್ಲ. ಯೋಚಿಸುತ್ತಿದ್ದರು. ನಿಜವಾಗಿ ಯೋಚಿಸುತ್ತಿದ್ದರು, ಕೈ ಟಿಕೆಟ್ಟಿನ ಕಿಟಕಿಯ ಕಡೆ ಅರ್ಧ ಎತ್ತಿದ್ದರು. ಆಗ ಹನ್ನೊಂದು ವರ್ಷದ ನಾನು, “ಅವ್ವಾ, ಹಸಿವಿ ಆಗ್ಯದ,” ಎಂದೆ.

ಅವ್ವ ಕೂತಳು. ಚೀಲದ ಗಂಟು ಬಿಚ್ಚಿದಳು.

ಇಷ್ಟೇ. ಇದನ್ನು ನಾನು ನಲವತ್ತು ವರ್ಷ ಮರೆತಿದ್ದೆ. ಬಾಲ್ಕನಿಯಲ್ಲಿ ಅಂದು ಅದು ನೆನಪಾದಾಗ ನನಗೆ ನಾಚಿಕೆಯಾಯಿತು. ಹಸಿದ ಹುಡುಗನ ತಪ್ಪೇನಿದೆ ಎಂದು ನೀವು ಸಮಾಧಾನ ಹೇಳಬಹುದು. ಹುಡುಗನನ್ನು ಬಿಡಿ. ಅನಘಾ ಚಿಕ್ಕವಳಿದ್ದಾಗ ನಾವು ಇಲ್ಲೇ ಪುಣೆಯ ಕಾತ್ರಜದ ಮೃಗಾಲಯಕ್ಕೆ ಹೊರಟೆವು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅವತ್ತು ಗ್ಯಾಸ್ ಸಿಲಿಂಡರಿನವನು ಬರುವವನಿದ್ದ. “ನೀವು ಹೋಗಿ ಬರ್ರಿ,” ಎಂದಳು ಅವ್ವ. ನಾನು ನಲವತ್ತು ದಾಟಿದ ಗಂಡಸು, ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಹತ್ತು ಎಂದು ಜಂಬದಿಂದ ಬರೆಸಿದ ಪಟ್ಟಿಯಲ್ಲಿ ಹತ್ತನೆಯದು ಅದು.

“ಅವ್ವಾ, ನಿನಗ ಒಳಗ ಬರಬೇಕಂತ ಅನಿಸ್ತಿರಲಿಲ್ಲೇನು?” ಎಂದೆ. ಇಲ್ಲಪ್ಪಾ ಎನ್ನಲಿ ಎಂದು ಮನಸ್ಸು ಬೇಡುತ್ತಿತ್ತು.

“ಅನಿಸ್ತಿತ್ತು,” ಎಂದಳು ಅವ್ವ. “ಭಾಳ ಅನಿಸ್ತಿತ್ತು.”

ದೂರಿನ ದನಿಯಿರಲಿಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಅನಘಾ ಪೆನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದಳು. ಈ ಮಕ್ಕಳಿಗೆ ನಮ್ಮಷ್ಟು ತಡವಾಗುವುದಿಲ್ಲ. ತಾಡೋಬಾದ ಹುಲಿಗಾಗಿ ತಿಂಗಳಿಂದ ನನ್ನ ತಲೆ ತಿಂದವಳು ಆಕೆಯೇ. ಸಟಕ್ಕನೆ ಕುಕ್ಕರಗಾಲಲ್ಲಿ ಕೂತು, “ಅಜ್ಜಿ, ಈ ಸಲ ನೀನೇ ಡಿಸೈಡ್ ಮಾಡು. ಎಲ್ಲಿಗಿ ಹೋಗೂಣು?” ಎಂದಳು.

“ನನ್ನ ಮಣಕಾಲು ಕೇಳಬೇಕಲ್ಲವಾ. ನೀವು ಹೋಗಿ ಬ…” ಎಂದು ಅವ್ವ ಶುರು ಮಾಡಿದಳು.

“ಆ ಮಾತು ಸಾಕವ್ವಾ,” ಎಂದೆ. ಸ್ವಲ್ಪ ಜೋರಾಗಿಯೇ ಬಂತು.

ಅವ್ವ ನನ್ನ ಮುಖ ನೋಡಿದಳು. ಮಡಿಲಲ್ಲಿದ್ದ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. ಹೊಸದಾಗಿ ಮಾತು ಕಲಿತವರ ಹಾಗೆ ನಿಧಾನವಾಗಿ ಹೇಳಿದಳು.

“ಮೈಸೂರಾಗ ನಾ ಕೂತಿದ್ನಲ್ಲ, ಅಲ್ಲಿ ಗ್ವಾಡಿ ಆಚೆ ಗಿಡದ ಮ್ಯಾಲಿಂದ ಜಿರಾಫಿ ತಲಿ ಎತ್ತಿತ್ತು. ಎಲಿ ತಿನ್ನಲಿಕ್ಕೆ ಬರೂದು, ನನ್ನ ನೋಡೂದು, ಹೋಗೂದು. ಮುಂಜಾನಿಂದ ಆಟ ಹಚ್ಚಿತ್ತು. ತಲಿ, ಕುತ್ತಿಗಿ ಅಷ್ಟ ಕಂಡಿದ್ದು. ಅದರ ಕಾಲು ನೋಡಬೇಕಾಗಿತ್ತು.”

ಹೀಗಾಗಿ ನಮ್ಮ ಮನೆಯ ಮೃಗಾಲಯದ ಚುನಾವಣೆ ಅರ್ಧ ಮಿನಿಟಿನಲ್ಲಿ ಮುಗಿಯಿತು. ಆ ಸಂಜೆಯೇ ಸೊಲ್ಲಾಪುರದಲ್ಲಿರುವ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು, “ನನಗೂ ಒಂದು ಟಿಕೆಟ್ ತಗಿ,” ಎಂದಳು.

ಮೊನ್ನೆ ರಜೆಯಲ್ಲಿ ಮೈಸೂರಿಗೆ ಹೋದೆವು. ಗೇಟಿನಲ್ಲಿ ಗಾಲಿಕುರ್ಚಿ ಸಿಕ್ಕಿತು. ಅದರಲ್ಲಿ ಕೂರಲು ಅವ್ವ ನಾಚಿಕೊಂಡಳು, ಅಕ್ಕ ಗದರಿಸಿ ಕೂರಿಸಿದಳು. ಒಳಗೆ ಹೋಗುವ ಮುನ್ನ ಅವ್ವ ಹೊರಗಿನ ಮರಗಳ ಕಡೆ ಒಮ್ಮೆ ತಿರುಗಿ ನೋಡಿದಳು. ನಾನು ಕುರ್ಚಿ ತಳ್ಳುತ್ತ ಹುಲಿ, ಸಿಂಹ ಯಾವುದಕ್ಕೂ ನಿಲ್ಲದೆ ನೇರ ಜಿರಾಫೆಯ ಕಟಕಟೆಗೆ ಒಯ್ದೆ.

ಅಲ್ಲಿತ್ತು. ಒಂದಲ್ಲ, ಮೂರು. ಒಂದು ತೀರ ಹತ್ತಿರ ಬಂದು ನಿಂತಿತು. ಅವ್ವ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು ಕಟಕಟೆಗೆ ಆತುಕೊಂಡಳು. ನನಗೆ ತಡೆಯಲಾಗಲಿಲ್ಲ. ಹಳೆಯ ಚಾಳಿ.

“ನೋಡವಾ, ಅದರ ಕಾಲು ಎಷ್ಟು ಉದ್ದ ಅವ ನೋಡು. ನೀರು ಕುಡೀಬೇಕಾದ್ರ ಅದು ಮುಂಗಾಲು ಎರಡೂ ಅಗಲ ಮಾಡ್ತದ. ಮತ್ತ ಅದರ ನಾಲಿಗಿ ಅದಲ್ಲ, ಅದು…”

ಅವ್ವ ನನ್ನ ಕಡೆ ತಿರುಗದೆ ಒಂದು ಕೈ ಎತ್ತಿದಳು.

“ನೀ ಸ್ವಲ್ಪ ಸುಮ್ನಿರಪಾ. ನಾ ನೋಡ್ಲಿಕತ್ತೀನಿ.”