ಟೇಲರ್ ಯಜಮಾನರು ಮತ್ತು ಹಣೆಯ ಪಟ್ಟಿ
ಟೇಲರ್ ಯಜಮಾನರ ಹೆಂಡತಿ ಪ್ರಜ್ಞೆ ತಪ್ಪಿ ಹಾಸಿಗೆ ಹಿಡಿದ ಮೇಲೆ ಅಂಗಡಿಯ ಹೊಲಿಗೆ ಮಿಷನ್ನು ಅವಳ ಮಂಚದ ಪಕ್ಕಕ್ಕೇ ಬಂದಿದೆ. ಆಸ್ಪತ್ರೆಯವರು ಅವಳ ಹಣೆಗೊಂದು ತೆಳು ಪಟ್ಟಿ ಅಂಟಿಸಿ ಕಳಿಸಿದ್ದಾರೆ. ಮಿದುಳಿನ ಮಿಡಿತವನ್ನು ಹಿಡಿದು ಅದು ಮೊಬೈಲಿನ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಯಜಮಾನರು ಈಗ ಸಂಸಾರ ಮಾಡುವುದು ಆ ಗೆರೆಯ ಜೊತೆಗೆ. ‘ಈ ಕಾಲರ್ ಹೇಗಿದೆಯೇ?’ ಎಂದು ಕೇಳುತ್ತಾರೆ. ಗೆರೆ ಮೇಲಕ್ಕೆ ಹಾರಿದರೆ ಹೊಲಿದದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಬಟ್ಟೆ ಕೇಳಲು ಬಂದವರಿಗೆ, ‘ನಂದೇನಿಲ್ಲಪ್ಪ, ನಮ್ಮನೆಯವಳು ಇನ್ನೂ ಒಪ್ಪಿಲ್ಲ’ ಎನ್ನುತ್ತಾರೆ. ಪಕ್ಕದ ಮನೆಯವರನ್ನು ಎಳೆತಂದು, ‘ನೋಡಿ, ನೋಡಿ, ಬೈದ್ಲು ನನ್ನ!’ ಎಂದು ಹಿಗ್ಗುತ್ತಾರೆ. ಅವಳು ಬಾಯಿಬಿಟ್ಟು ಬೈಯುತ್ತಿದ್ದ ಕಾಲದಲ್ಲಿ ಹೀಗೆ ಹಿಗ್ಗಿದವರೇ ಅಲ್ಲ. ಮೊನ್ನೆ ಪಟ್ಟಿ ಬದಲಿಸಲು ಬಂದ ನರ್ಸಮ್ಮ ಇದನ್ನೆಲ್ಲ ನೋಡಿ, ಮಗಳನ್ನು ಆಚೆ ಕರೆದು ಏನೋ ಹೇಳಿ ಹೋದಳು. ಮಗಳು ಎರಡು ದಿನ ಅದನ್ನು ನುಂಗಿಕೊಂಡಿದ್ದು, ಕೊನೆಗೆ, ‘ಅಪ್ಪಾ, ನೀವು ಮಂಚ ಹಿಡ್ಕೊಂಡು ಮಾತಾಡ್ತೀರಲ್ಲ, ಅದು ಅಲ್ಲಾಡೋದಕ್ಕೇ ಗೆರೆ ಹಾರುತ್ತಂತೆ. ಅಮ್ಮಂಗೆ ಏನೂ ಕೇಳಿಸ್ತಿಲ್ವಂತೆ’ ಎಂದಳು. ಯಜಮಾನರು ಮಂಚದಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮದುವೆಯಾದ ಹೊಸತರಲ್ಲಿ ಕರೆಯುತ್ತಿದ್ದ ಹೆಸರಿನಿಂದ ಹೆಂಡತಿಯನ್ನು ಕರೆದರು. ಗೆರೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕರೆದರು. ‘ನಂಗೂ ಗೊತ್ತು ಕಣಮ್ಮ,’ ಎಂದರು ಮಗಳಿಗೆ, ‘ದಿನಾ ಒಂದ್ಸಲ ಹೀಗೆ ಕೈ ಬಿಟ್ಟು ಕರೆದು ನೋಡ್ತೀನಿ.’ ಆಮೇಲೆ ಮೆಲ್ಲಗೆ ಮತ್ತೆ ಮಂಚದ ಅಂಚು ಹಿಡಿದುಕೊಂಡರು.