ಒಗ್ಗರಣೆ ಡಬ್ಬಿಯಲ್ಲಿಟ್ಟ ಐದು ಬೋಲ್ಟು

ತೊಂಬತ್ತರ ದಶಕದ ಬೇಸಿಗೆ ರಜೆಯ ಬಗ್ಗೆ ಬರೆಯಲು ಕುಳಿತವರೆಲ್ಲ ಒಂದೇ ರಾಗ ಎಳೆಯುತ್ತಾರೆ. ಆಗ ಜನ ಒಳ್ಳೆಯವರಿದ್ದರು, ಮನೆತುಂಬ ಮಂದಿ ಇದ್ದರು, ಹಂಚಿಕೊಂಡು ತಿನ್ನುತ್ತಿದ್ದರು, ಕೂಡಿ ಕೆಲಸ ಮಾಡುತ್ತಿದ್ದರು ಎಂದು. ಹಂಚಿಕೊಂಡು ತಿನ್ನುತ್ತಿದ್ದುದು ನಿಜ. ಬನ್ನಿಮಂಟಪದ ನಮ್ಮ ಮನೆಯಲ್ಲಿ ಒಂದು ಹಲಸಿನ ಹಣ್ಣು ಬಿಡಿಸಿದರೆ ಅಕ್ಕಪಕ್ಕದ ನಾಲ್ಕು ಮನೆಗೆ ತೊಳೆ ಹೋಗುತ್ತಿತ್ತು. ಜಗಲಿಯ ಮೇಲೆ ಮಧ್ಯಾಹ್ನವೆಲ್ಲ ಚೌಕಾಬಾರದ ಕವಡೆ ಉರುಳುತ್ತಿದ್ದವು, ಎಣ್ಣೆ ಹಚ್ಚಿದ ಕೈಗೂ ಹಲಸಿನ ಮೇಣ ಅಂಟುತ್ತಿತ್ತು. ಅದಕ್ಕೆಲ್ಲ ನನ್ನ ತಕರಾರಿಲ್ಲ. ಆದರೆ ಕೂಡಿ ಕೆಲಸ ಮಾಡುವುದನ್ನು ನಾನು ಹತ್ತಿರದಿಂದ ಕಂಡವಳು. ನಮ್ಮ ಮನೆಯ ಇಬ್ಬರು ಗಂಡಸರು ಕೂಡಿ ಒಂದು ಪಿಕಪ್ಪಿನ ವಾಟರ್ ಪಂಪು ಬದಲಾಯಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಾದ ಮೇಲೆ ಆ ಕಾಲದ ಮೇಲೆ ನನಗೆ ಹೇಳಿಕೊಳ್ಳುವಂಥ ಗೌರವವೇನೂ ಉಳಿಯಲಿಲ್ಲ.

ಲಷ್ಕರ್ ಮೊಹಲ್ಲಾದಲ್ಲಿ ನಮ್ಮದು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಗೃಹಪ್ರವೇಶಗಳಿಗೆ ಕೊಪ್ಪರಿಗೆ, ಹಂಡೆ, ಸೌಟು, ಮಡಿಸುವ ಕುರ್ಚಿ. ಇವನ್ನೆಲ್ಲ ಹೊತ್ತು ತಿರುಗಲು ಒಂದು ಹಳೆಯ ನೀಲಿ ಪಿಕಪ್ ಇತ್ತು. ಅದನ್ನು ಅಪ್ಪನೇ ಓಡಿಸುತ್ತಿದ್ದರು, ರಜೆ ಬಂತೆಂದರೆ ಅವರ ಪಕ್ಕದ ಸೀಟು ನನ್ನದು. ಆಗ ನನಗೆ ಹನ್ನೊಂದು ವರ್ಷ. ಛತ್ರದಲ್ಲಿ ಪಾತ್ರೆ ಇಳಿಸುವಾಗ ಪಟ್ಟಿ ಹಿಡಿದು ಎಣಿಸುವುದು ನನ್ನ ಕೆಲಸ. ಅಡುಗೆಭಟ್ಟರು "ಬನ್ನಿ ಮೇಡಮ್ಮೋರೆ" ಎಂದು ಕರೆದು ಮುತ್ತುಗದೆಲೆಯಲ್ಲಿ ಬಿಸಿ ಬೂಂದಿ ಕೊಡುತ್ತಿದ್ದರು. ಡೀಸೆಲ್ಲು, ಬಿಸಿಲಿಗೆ ಕಾದ ರೆಕ್ಸಿನ್ನು, ಕೊಪ್ಪರಿಗೆ ತಳದ ಹಳೆಯ ಹೊಗೆ, ಎಲ್ಲ ಸೇರಿದ ಆ ಕ್ಯಾಬಿನ್ನಿನ ವಾಸನೆ ನನಗೆ ಶಾಲೆಯ ವಾಸನೆಗಿಂತ ಎಷ್ಟೋ ಇಷ್ಟವಾಗಿತ್ತು. ಬೆಳಿಗ್ಗೆ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹಾಕುವುದನ್ನು ಅಪ್ಪ ನನಗೇ ಬಿಟ್ಟಿದ್ದರು. "ಇವಳಿಗೆ ಗಾಡಿ ಕಲಿಸ್ತೀನಿ ಕಣೆ, ನೋಡ್ತಿರು," ಎಂದು ಅಮ್ಮನ ಮುಂದೆ ಹೇಳುತ್ತಿದ್ದರು. ನಾನು ನಂಬಿದ್ದೆ. ಆ ಮಾತನ್ನು ರಾತ್ರಿ ಹಾಸಿಗೆಯಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುವಷ್ಟು ನಂಬಿದ್ದೆ.

ಇನ್ನು ಅಪ್ಪನ ತಮ್ಮ, ಮಾದೇವ ಚಿಕ್ಕಪ್ಪ. ಅಪ್ಪನಿಗೆ ಬಹುವಚನ ಕೊಟ್ಟು ಚಿಕ್ಕಪ್ಪನಿಗೆ ಕೊಡದೆ ಬರೆಯುತ್ತಿದ್ದೇನೆಂದು ಓದುವವರು ಬೇಸರ ಮಾಡಿಕೊಳ್ಳಬಾರದು, ಕೊಡಲು ಮನಸ್ಸಿಲ್ಲ. ಅವನು ಐಟಿಐಗೆ ಸೇರಿ ನಾಲ್ಕನೇ ತಿಂಗಳಿಗೆ ಬಿಟ್ಟು ಬಂದವನು. ಅವನಿಗೆ ಗೊತ್ತಿಲ್ಲದ್ದು ಅಲ್ಲಿ ಏನೂ ಇರಲಿಲ್ಲವಂತೆ. ಪೆನ್ನು ಇರಬೇಕಾದ ಜೇಬಿನಲ್ಲಿ ಕರೆಂಟು ನೋಡುವ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಆ ಟೆಸ್ಟರ್ ಯಾವ ಪ್ಲಗ್ಗಿನೊಳಗೂ ಹೋದದ್ದನ್ನು ನಾನು ಕಂಡಿಲ್ಲ, ಅವನ ಕಿವಿಯೊಳಗೆ ಹೋದದ್ದನ್ನು ಕಂಡಿದ್ದೇನೆ. ಮನೆಯಲ್ಲಿ ಏನು ಕೆಟ್ಟರೂ ಅವನು ಬಿಚ್ಚಬೇಕು. ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮರಳಿ ಜೋಡಿಸುವಾಗ ಮಾತ್ರ ಎಲ್ಲಿಗೋ ಹೋಗುವ ಕೆಲಸ ನೆನಪಾಗುತ್ತಿತ್ತು.

ಆ ವರ್ಷ ಮದುವೆ ದಿನಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಪಿಕಪ್ಪಿನ ಎಂಜಿನ್ ಬಿಸಿಯಾಗತೊಡಗಿತು. ಮುಂದೆ ಕೆಳಗಡೆ ನೀರು ತೊಟ್ಟಿಕ್ಕುತ್ತಿತ್ತು. ರೇಡಿಯೇಟರಿಗೆ ಅರಿಶಿನ ಹಾಕಿದರೆ ಸಣ್ಣ ತೂತು ಮುಚ್ಚಿಕೊಳ್ಳುತ್ತದೆಂದು ಲಾರಿಯವರು ಹೇಳುವುದುಂಟು. ಚಿಕ್ಕಪ್ಪ ಅದನ್ನು ಎಲ್ಲೋ ಕೇಳಿಸಿಕೊಂಡಿದ್ದ. ಅಮ್ಮ ವರ್ಷಕ್ಕೆಂದು ಬೀಸಿಸಿಟ್ಟಿದ್ದ ಅರಿಶಿನದ ಡಬ್ಬವನ್ನೇ ತಂದು ಸುರಿದ. ಸೋರುತ್ತಿದ್ದುದು ರೇಡಿಯೇಟರ್ ಅಲ್ಲವೇ ಅಲ್ಲ, ಎಂಜಿನ್ನಿಗೆ ನೀರು ಹಾಯಿಸುವ ಪಂಪು. ಮೂರು ದಿನ ನಮ್ಮ ಗಾಡಿ ನಿಂತಲ್ಲೆಲ್ಲ ಹಳದಿ ಮಡು.

"ಅರಿಶಿನ ಆಯ್ತಲ್ಲ, ಇನ್ನು ಸಾಸಿವೆ ಕರಿಬೇವು ಹಾಕಿ ಒಗ್ಗರಣೆ ಕೊಟ್ಬುಡಿ," ಎಂದರು ಅಮ್ಮ. ಅಪ್ಪ ನಕ್ಕರು. ತಮ್ಮನ ಎಡವಟ್ಟುಗಳಿಗೆಲ್ಲ ಅಪ್ಪ ನಗುತ್ತಿದ್ದರು.

ಶನಿವಾರ ಅಂಗಡಿಯ ಹತ್ತಿರದ ಮೆಕ್ಯಾನಿಕ್ ಖಾದರ್ ಭಾಯ್ ನೋಡಿ, ಪಂಪೇ ಹೋಗಿದೆ, ಸೋಮವಾರ ಗಾಡಿ ತಂದುಬಿಟ್ಟರೆ ಸಂಜೆಗೆ ಕೊಡುತ್ತೇನೆ ಎಂದರು. ಸೋಮವಾರ ಬೆಳಿಗ್ಗೆಯೇ ಇಲವಾಲದ ಕಡೆಯ ಛತ್ರವೊಂದಕ್ಕೆ ದೊಡ್ಡ ಮದುವೆಯ ಪಾತ್ರೆ ಮುಟ್ಟಿಸಬೇಕಿತ್ತು. ಅಪ್ಪ ತಲೆ ಕೆರೆದುಕೊಂಡರು.

"ಐದು ಬೋಲ್ಟು ಕಣಣ್ಣ. ಐದು ಬೋಲ್ಟಿಗೆ ಗ್ಯಾರೇಜ್ ಬೇಕಾ? ಭಾನುವಾರ ಮನೆ ಮುಂದೇನೇ ಕೂರಿಸ್ಬುಡ್ತೀನಿ," ಎಂದ ಚಿಕ್ಕಪ್ಪ.

ಖಾದರ್ ಭಾಯ್ ಬೇಡವೆನ್ನಲಿಲ್ಲ. ಹೊಸ ಪಂಪು ತರಿಸಿಕೊಟ್ಟು ಅಪ್ಪನಿಗೆ ಒಂದೇ ಮಾತು ಹೇಳಿದರು. "ನೋಡ್ಕಳಿ ಸಾರ್, ಬೋಲ್ಟು ಎಲ್ಲಾ ಒಂದೇ ಉದ್ದ ಇರಲ್ಲ. ಉದ್ದದ್ದನ್ನ ಗಿಡ್ಡ ತೂತಿಗೆ ಹಾಕಿ ಬಿಗಿದ್ರೆ ಎಂಜಿನ್ ಬ್ಲಾಕೇ ಸೀಳ್ಕೊಂಡ್ ಹೋಗ್ತದೆ. ಯಾವುದನ್ನ ಎಲ್ಲಿಂದ ತೆಗೆದ್ರೋ ಅಲ್ಲಿಗೇ ಹಾಕ್ಬೇಕು." ಅಪ್ಪ ತಲೆಯಾಡಿಸಿದರು. ಪಕ್ಕದಲ್ಲಿ ನಿಂತಿದ್ದ ನಾನೂ ತಲೆಯಾಡಿಸಿದೆ. ನಮ್ಮಿಬ್ಬರಲ್ಲಿ ಕೇಳಿಸಿಕೊಂಡವಳು ನಾನು.

ಭಾನುವಾರ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಬಾನೆಟ್ ಎತ್ತಿದ್ದೇ ತಡ, ಬೀದಿಯ ಗಂಡಸರೆಲ್ಲ ಲುಂಗಿ ಮೇಲೆತ್ತಿ ಕಟ್ಟಿಕೊಂಡು ಬಂದು ನಿಂತರು. ಒಬ್ಬರ ಕೈಯಲ್ಲಿ ಪೇಪರು, ಇನ್ನೊಬ್ಬರ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು. ಸೈಕಲ್ಲಿಗೆ ಗಾಳಿ ಹೊಡೆಯಲೂ ಅಂಗಡಿಗೆ ಹೋಗುವ ಮಹಾನುಭಾವರು ಫ್ಯಾನ್ ಬೆಲ್ಟಿನ ಬಗ್ಗೆ ಅಭಿಪ್ರಾಯ ಕೊಟ್ಟರು. ಅವರು ಎರಡು ಸಲ ನಮ್ಮ ಮನೆಯ ಕಾಫಿ ಕುಡಿದರು.

ನಾನು ಅಮ್ಮನ ಹತ್ತಿರ ಓಡಿಹೋಗಿ ಹಳೆಯ ಒಗ್ಗರಣೆ ಡಬ್ಬಿ ಕೇಳಿದೆ. ನಡುವೆ ಒಂದು, ಸುತ್ತ ಆರು ಸ್ಟೀಲ್ ಬಟ್ಟಲಿರುವ ದುಂಡು ಡಬ್ಬಿ.

"ಅದ್ಯಾಕೆ? ಗ್ರೀಸ್ ಬಳ್ಕೊಂಡ್ ಬಂದ್ರೆ ಸುಮ್ನಿರಲ್ಲ," ಎಂದರು ಅಮ್ಮ.

"ಬೋಲ್ಟು ಇಡಕ್ಕಮ್ಮ. ಕಲೆತು ಹೋಗ್ಬಾರ್ದಂತೆ."

ಅಮ್ಮ ನನ್ನ ಮುಖವನ್ನೊಮ್ಮೆ ನೋಡಿ, ಮೆಂತ್ಯ ಜೀರಿಗೆಯನ್ನೆಲ್ಲ ಬೇರೆ ಕಡೆ ಸುರಿದು ಕೊಟ್ಟರು.

ಪಂಪಿನ ಮೇಲೆ ಬೋಲ್ಟುಗಳು ಹೇಗಿದ್ದವೋ ಹಾಗೆಯೇ ಬಟ್ಟಲುಗಳಲ್ಲಿ ಇಟ್ಟೆ. ಮೇಲಿನದು ಮೇಲಿನ ಬಟ್ಟಲಿಗೆ, ಎಡಗಡೆಯದು ಎಡಕ್ಕೆ. ಮೂರು ಗಿಡ್ಡ, ಎರಡು ಉದ್ದ. ವಾಷರುಗಳೆಲ್ಲ ನಡುವಿನ ಬಟ್ಟಲಿಗೆ. ಅಪ್ಪ ಬಗ್ಗಿ ನೋಡಿ, "ಭೇಷ್ ಪುಟ್ಟಿ, ತಲೆ ಅಂದ್ರೆ ಇದು," ಎಂದು ಬೆನ್ನು ತಟ್ಟಿದರು. ಅಂಗಿಯ ಮೇಲೆ ಅವರ ಐದು ಬೆರಳಿನ ಗ್ರೀಸ್ ಮೂಡಿತು. ನನಗೆ ನೆಲ ಕಾಣಲಿಲ್ಲ. ಹಳೆಯ ಪಂಪು ಹೊರಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಬೀದಿಯ ಗಂಡಸರು ಊಟಕ್ಕೆ ಹೋಗಿದ್ದರು. ನಮ್ಮ ಮನೆಯಲ್ಲಿ ಮಾವಿನಕಾಯಿ ಚಿತ್ರಾನ್ನ. ಕೆಲಸಕ್ಕಿಂತ ಊಟದಲ್ಲಿ ಚಿಕ್ಕಪ್ಪನ ಕೈ ಚುರುಕಾಗಿತ್ತು.

ಊಟ ಮುಗಿಸಿ ಬಂದವನು ಡಬ್ಬಿ ನೋಡಿದ. "ಇದೇನೇ ಗೌರಿ, ಬೋಲ್ಟಿಗೆ ಪೂಜೆ ಮಾಡ್ತಿದ್ದೀಯಾ?" ಎಂದು ನಕ್ಕು, ಡಬ್ಬಿಯನ್ನೆತ್ತಿ ಅಷ್ಟನ್ನೂ ಸೀಮೆಎಣ್ಣೆ ಬೇಸಿನ್ನಿಗೆ ಬೋರಲು ಹಾಕಿದ.

"ಚಿಕ್ಕಪ್ಪಾ, ಕಲೆಸ್ಬೇಡಿ!"

"ಐಟಿಐನಲ್ಲಿ ಮೊದಲ್ನೇ ಪಾಠಾನೇ ಕ್ಲೀನಿಂಗು. ನಿಂಗೇನ್ ಗೊತ್ತು?"

ಅಪ್ಪ ಅಲ್ಲೇ ಇದ್ದರು. ಮೂರು ಅಡಿ ದೂರದಲ್ಲಿ, ಮಜ್ಜಿಗೆ ಲೋಟ ಹಿಡಿದು, ಬೇಸಿನ್ನಿನ ಕಡೆಗೇ ಮುಖ ಮಾಡಿ ನಿಂತಿದ್ದರು. ನಾನು ಅವರ ಕಡೆ ತಿರುಗಿದೆ. "ಅಪ್ಪಾ, ಉದ್ದ ಗಿಡ್ಡ ಇದಾವೆ. ಖಾದರ್ ಭಾಯ್ ಹೇಳಿದ್ರಲ್ಲ?"

"ಓಹೋ, ಭಾಯ್ ಶಿಷ್ಯೆ!" ಎಂದ ಚಿಕ್ಕಪ್ಪ. ಅಪ್ಪ ಅದಕ್ಕೂ ನಕ್ಕರು. "ಅವನಿಗೆ ಗೊತ್ತಿರ್ತದೆ, ಸುಮ್ನಿರು ಪುಟ್ಟಿ. ಹೋಗು, ಒಂದು ಕೊಡ ನೀರು ತಗೊಂಡ್ ಬಾ."

ಕೊಡ ತುಂಬಿಸಿಕೊಂಡು ಬಂದಾಗ ನಾಲ್ಕು ಬೋಲ್ಟು ಕೂತಿದ್ದವು. ಅಪ್ಪ ಕೆಳಗಿನಿಂದ ಪಂಪನ್ನು ಒತ್ತಿ ಹಿಡಿದಿದ್ದರು. ಐದನೆಯದು ಅರ್ಧ ಬೆರಳಷ್ಟು ಹೊರಗೇ ನಿಂತು ತಿರುಗುತ್ತಿರಲಿಲ್ಲ. ಉದ್ದದ್ದು. ನನಗೆ ದೂರದಿಂದಲೇ ಗೊತ್ತಾಯಿತು. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಸ್ಪ್ಯಾನರಿನ ಹಿಡಿಗೆ ಒಂದು ಕಬ್ಬಿಣದ ಪೈಪು ತೂರಿಸಿ, ಗಾಡಿಯ ಬಂಪರಿಗೆ ಕಾಲು ಕೊಟ್ಟು, ಮೈಭಾರವೆಲ್ಲ ಹಾಕಿ ಎಳೆದ. ಟಪ್ ಎಂದಿತು. "ನೋಡಣ್ಣ, ಕೂತ್ಕೊಂಡ್ತು!" ಎಂದು ಬೀಗಿದ.

ನನ್ನ ಕೊಡದ ನೀರನ್ನೇ ರೇಡಿಯೇಟರಿಗೆ ಹಾಕಿದರು. ಪಂಪಿನ ಪಕ್ಕ, ಎಂಜಿನ್ನಿನ ಗಟ್ಟಿ ಕಬ್ಬಿಣದಲ್ಲೇ ಕೂದಲಿನಂಥ ಒಂದು ಗೆರೆ ಒದ್ದೆಯಾಯಿತು. ಆಮೇಲೆ ಅಲ್ಲಿಂದ ನೀರು ಇಳಿಯತೊಡಗಿತು. ಅದರಲ್ಲಿ ಇನ್ನೂ ಸ್ವಲ್ಪ ಅರಿಶಿನದ ಬಣ್ಣವಿತ್ತು.

ಚಿಕ್ಕಪ್ಪ ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಒರೆಸಿ ನೋಡಿ, ನನ್ನ ಕಡೆ ಕೈ ತೋರಿಸಿದ. "ಬೋಲ್ಟು ನೋಡ್ಕೊಳ್ತಿದ್ದೋಳು ಇವಳು ತಾನೆ ಅಣ್ಣ? ಆಟದ ಸಾಮಾನಂಗೆ ಡಬ್ಬಿಗೆ ತುಂಬ್ಕೊಂಡು ಎಲ್ಲಾ ಕಲೆಸಿ ಕೊಟ್ಟವಳೆ."

ನಾನು ಅಪ್ಪನನ್ನು ನೋಡಿದೆ. ನನಗೆ ಭಯವಿರಲಿಲ್ಲ, ನಿಜವಾಗಿ ಇರಲಿಲ್ಲ. ಅಪ್ಪ ನೋಡಿದ್ದಾರೆ, ಈಗ ಹೇಳುತ್ತಾರೆ ಎಂದೇ ನಿಂತಿದ್ದೆ. ಅಪ್ಪ ತಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಕೈ ಒರೆಸುವ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಎಸೆದರು.

"ಹೆಣ್ಮಕ್ಕಳ ಕೈಗೆ ಕೊಡಬಾರದಾಗಿತ್ತು," ಎಂದು ಒಳಗೆ ಹೋದರು.

ಸೋಮವಾರ ಪಾತ್ರೆಗಳು ಬಾಡಿಗೆ ಲಾರಿಯಲ್ಲಿ ಹೋದವು. ನಾನು ಪಟ್ಟಿ ಹಿಡಿದು ಹೊಸಿಲಲ್ಲಿ ನಿಂತಿದ್ದೆ. ಅಪ್ಪ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಇವತ್ತು ಬೇಡ," ಎಂದರು. ಮುಂದಿನ ವಾರವೂ ಬೇಡವಾಯಿತು. ಪಿಕಪ್ಪಿನ ಬ್ಲಾಕಿಗೆ ಎರಡು ಸಲ ವೆಲ್ಡಿಂಗ್ ಮಾಡಿಸಿದರು, ಎರಡು ಸಲವೂ ಬಿಟ್ಟುಕೊಂಡಿತು. ಮಳೆಗಾಲ ಮುಗಿಯುವುದರೊಳಗೆ ಗುಜರಿಯವನು ಎಳೆದುಕೊಂಡು ಹೋದ.

ಆ ಸೋಮವಾರ ಅಮ್ಮ ಹಿತ್ತಿಲಲ್ಲಿ ಕೂತು ಡಬ್ಬಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತಿದ್ದರು. ನಾನು ಅಳುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ತಲೆಯೆತ್ತಲಿಲ್ಲ. "ನಿಮ್ಮಪ್ಪನಿಗೆ ಕಣ್ಣಿಲ್ವೇನೆ? ನೋಡವ್ರೆ. ಈಗ ತಮ್ಮನ ಮುಂದೆ ಆಡಕ್ಕಾಗಲ್ಲ. ಒಂದಿನ ಅವರೇ ಹೇಳ್ತಾರೆ, ಬುಡು."

ನಾನು ಕಾದೆ. ಎಷ್ಟು ಕಾದೆನೆಂದರೆ, ಅಪ್ಪ ಸುಮ್ಮನೆ "ಗೌರಿ" ಎಂದು ಕರೆದರೂ ಇವತ್ತೇ ಇರಬೇಕು ಎಂದುಕೊಳ್ಳುತ್ತಿದ್ದೆ. ಅಪ್ಪ ಯಾಕೆ ಹಾಗೆ ಮಾಡಿದರೆಂದು ದೊಡ್ಡವಳಾದ ಮೇಲೆ ಅರ್ಥವಾಯಿತು. ತಂದೆಯಿಲ್ಲದ ತಮ್ಮನನ್ನು ಸಾಕಿದವರು. ಅವನ ಮುಖ ಸಣ್ಣದಾಗುವುದನ್ನು ಅವರು ನೋಡಲಾರರು. ನನ್ನ ಮುಖ ಹೇಗೂ ಸಣ್ಣದೇ. ಅರ್ಥವಾದರೆ ಕ್ಷಮಿಸಿದ ಹಾಗೆ ಎನ್ನುತ್ತಾರೆ ಕೆಲವರು. ನನಗೆ ಅರ್ಥವಾದಷ್ಟೂ ತಾತ್ಸಾರ ಹೆಚ್ಚಾಯಿತು. ಹನ್ನೊಂದು ವರ್ಷದ ಮಗುವಿನ ಹಿಂದೆ ಅಡಗಿ ಕುಳಿತ ಇಬ್ಬರು ಗಂಡಸರು, ಒಬ್ಬನಿಗೆ ಮೀಸೆ ದಪ್ಪ, ಇನ್ನೊಬ್ಬರಿಗೆ ಒಳ್ಳೆಯ ಹೆಸರು.

ಚಿಕ್ಕಪ್ಪ ಮಾತ್ರ ಆ ಕಥೆಯನ್ನು ಸಾಯಲು ಬಿಡಲಿಲ್ಲ. ಹಬ್ಬದೂಟದಲ್ಲಿ, ನಾಮಕರಣದಲ್ಲಿ, ಕೊನೆಗೆ ನನ್ನ ಮದುವೆಯಲ್ಲಿ ಬೀಗರ ಪಂಕ್ತಿಯ ನಡುವೆ ನಿಂತು, "ನಮ್ಮ ಹುಡುಗಿ ಕೈಗೆ ಏನ್ ಬೇಕಾದ್ರೂ ಕೊಡಿ, ಬೋಲ್ಟ್ ಮಾತ್ರ ಕೊಡಬೇಡಿ ಕಣ್ರೀ," ಎಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಈಗಲೂ ಯಾರ ಮನೆಯ ಮಿಕ್ಸಿ ಕೆಟ್ಟರೂ ಅವನೇ ಬಿಚ್ಚುತ್ತಾನೆ.

ಹೋದ ವರ್ಷ ಅಪ್ಪ ಒಂದು ವಾರ ನಮ್ಮ ಮನೆಯಲ್ಲಿದ್ದರು. ಊಟ ಮಾಡುತ್ತಾ ನನ್ನ ಮಗನಿಗೆ ಆ ಪಿಕಪ್ಪಿನ ಕಥೆ ಹೇಳತೊಡಗಿದರು. ಅರಿಶಿನ ಹಾಕಿದ್ದು, ಅಮ್ಮ ಒಗ್ಗರಣೆ ಎಂದದ್ದು, ಎಲ್ಲ ಚಾಚೂ ತಪ್ಪದೆ ಬಂತು. ಆಮೇಲೆ, "ನಿಮ್ಮಮ್ಮ ಅಷ್ಟೂ ಬೋಲ್ಟನ್ನ ತಗೊಂಡು ಸೀಮೆಎಣ್ಣೇಲಿ ಸುರಿದುಬುಟ್ಟಳು," ಎಂದರು.

ಸಾರಿನ ಸೌಟು ಕೆಳಗಿಟ್ಟು ಹೇಳಿದೆ. "ಅಪ್ಪಾ, ಸುರಿದದ್ದು ಚಿಕ್ಕಪ್ಪ. ನೀವು ಅಲ್ಲೇ ನಿಂತಿದ್ರಿ. ನೋಡಿದ್ರಿ."

ಅಪ್ಪ ತುತ್ತು ಬಿಟ್ಟು ನನ್ನನ್ನು ನೋಡಿದರು. ಅವರ ಮುಖದಲ್ಲಿ ನಾಚಿಕೆಯಾಗಲಿ, ಅಳುಕಾಗಲಿ ಹುಡುಕಿದೆ. ಇದ್ದದ್ದು ಪ್ರೀತಿ ಮಾತ್ರ. ಎಡಗೈ ಚಾಚಿ ನನ್ನ ತಲೆ ಸವರಿದರು.

"ಇನ್ನೂ ಅದನ್ನೇ ಮನಸಲ್ಲಿ ಇಟ್ಕೊಂಡಿದ್ದೀಯಾ ಮಗಳೇ? ಚಿಕ್ಕೋಳು ನೀನು, ತಿಳೀದೆ ಮಾಡ್ದೆ. ನಾನು ಅವತ್ತೇ ಕ್ಷಮಿಸ್ಬುಟ್ಟೆ."

ಪಿಕಪ್ ಹೋಯಿತು, ಅಂಗಡಿಯೂ ಮುಚ್ಚಿತು, ಅವೆಲ್ಲ ಹೋಗುವಂಥವೇ. ಗಾಡಿ ಓಡಿಸುವುದನ್ನು ನಾನು ಡ್ರೈವಿಂಗ್ ಸ್ಕೂಲಿನಲ್ಲಿ, ಗುರುತಿಲ್ಲದ ಯಾರದೋ ಪಕ್ಕ ಕೂತು ಕಲಿತೆ. ಅಷ್ಟನ್ನೂ ಸಹಿಸಿಕೊಂಡದ್ದು ಅಪ್ಪ ಒಂದು ದಿನ ನಿಜ ಹೇಳುತ್ತಾರೆಂದು. ಅವರು ಸುಳ್ಳು ಹೇಳುತ್ತಿದ್ದರೆ ಇನ್ನೂ ಹತ್ತು ವರ್ಷ ಕಾಯುತ್ತಿದ್ದೆ. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ನೆನಪಿದ್ದದ್ದೇ ಹಾಗೆ. "ಊಟ ಮಾಡಿ ಅಪ್ಪ, ಆರಿಹೋಗ್ತದೆ," ಎಂದೆ.